ಐದು ಪರ್ಸೆಂಟ್ ಯಾರ ಖಾತೆಗೆ?

2025ರ ಜೂನ್ 25ರಂದು ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ನೇಟೊ ಕೂಟದ 32 ದೇಶಗಳ ನಾಯಕರು ಸೇರಿ ಒಂದು ನಿರ್ಧಾರಕ್ಕೆ ಬಂದರು. 2035ರ ಹೊತ್ತಿಗೆ ಪ್ರತಿ ದೇಶವೂ ತನ್ನ ಜಿಡಿಪಿಯ ಶೇ 5ರಷ್ಟನ್ನು ರಕ್ಷಣೆಗೆ ಖರ್ಚು ಮಾಡಬೇಕು. ಅದರಲ್ಲಿ ಶೇ 3.5 ನೇರವಾಗಿ ಸೈನ್ಯಕ್ಕೆ, ಶಸ್ತ್ರಾಸ್ತ್ರಕ್ಕೆ. ಉಳಿದ ಶೇ 1.5 ರಸ್ತೆ, ಬಂದರು, ಸೈಬರ್ ಭದ್ರತೆ, ಶಸ್ತ್ರ ಕಾರ್ಖಾನೆಗಳಂಥ ಪೂರಕ ಕೆಲಸಗಳಿಗೆ. ಹಿಂದಿನ ದಿನವಷ್ಟೇ ನೇಟೊ ಮುಖ್ಯಸ್ಥ ಮಾರ್ಕ್ ರುಟೆ ತಮಗೆ ಕಳಿಸಿದ್ದ ಖಾಸಗಿ ಸಂದೇಶವನ್ನು ಅಮೆರಿಕದ ಅಧ್ಯಕ್ಷ ಟ್ರಂಪ್ ಊರಿಗೆಲ್ಲ ಕಾಣುವಂತೆ ಹಂಚಿಕೊಂಡಿದ್ದರು. ಯುರೋಪ್ ಈ ಸಲ ಭರ್ಜರಿಯಾಗಿ ದುಡ್ಡು ಬಿಚ್ಚಲಿದೆ, ಗೆಲುವು ನಿಮ್ಮದು ಎಂಬುದು ಅದರ ತಾತ್ಪರ್ಯ.

ಈ ಸುದ್ದಿ ಓದಿದಾಗ ಯುದ್ಧ, ಶಾಂತಿಗಿಂತ ಮೊದಲು ನನ್ನ ತಲೆಗೆ ಬಂದದ್ದು ಒಂದೇ ಪ್ರಶ್ನೆ: ಬೆನಿಫಿಷಿಯರಿ ಯಾರು? ಅಭ್ಯಾಸಬಲ. ನಿವೃತ್ತಿಯಾಗುವವರೆಗೂ ಬೆಂಗಳೂರಿನ ಒಂದು ಬ್ಯಾಂಕಿನ ಫಾರೆಕ್ಸ್ ವಿಭಾಗದಲ್ಲಿ ಎಲ್‌ಸಿ, ಅಂದರೆ ಲೆಟರ್ ಆಫ್ ಕ್ರೆಡಿಟ್, ನೋಡಿಕೊಳ್ಳುತ್ತಿದ್ದವಳು ನಾನು. ಪೀಣ್ಯದ ಕಾರ್ಖಾನೆಯವರು ಜರ್ಮನಿಯಿಂದ ಯಂತ್ರ ತರಿಸುವಾಗ, ಚಿಕ್ಕಮಗಳೂರಿನ ಕಾಫಿ ಇಟಲಿಗೆ ಹೋಗುವಾಗ, ಕಾಗದಪತ್ರ ನಮ್ಮ ಮೇಜಿನ ಮೇಲೆ ಹಾದುಹೋಗುತ್ತಿತ್ತು. ದುಡ್ಡು ಕೊನೆಗೆ ಯಾರ ಖಾತೆಗೆ ಇಳಿಯುತ್ತದೆ ಅಂತ ಮೊದಲು ನೋಡಮ್ಮ, ಷರತ್ತು ಆಮೇಲೆ ಓದು ಎಂದು ಕೆಲಸ ಕಲಿಸಿದ ಹಿರಿಯರೊಬ್ಬರು ಹೇಳುತ್ತಿದ್ದರು. ನೇಟೊದ ಐದು ಪರ್ಸೆಂಟನ್ನೂ ಹಾಗೆಯೇ ಓದಿದರೆ ತಿಳಿಯುವುದು ಜಾಸ್ತಿ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಯುರೋಪಿನ ದೇಶಗಳು ಅಮೆರಿಕಕ್ಕೆ ‘ಬಾಕಿ’ ಉಳಿಸಿಕೊಂಡಿವೆ ಎಂದು ಟ್ರಂಪ್ ಹೇಳುತ್ತಲೇ ಬಂದಿದ್ದಾರೆ. ಅಂಥ ಬಾಕಿಯ ಲೆಡ್ಜರ್ ಎಲ್ಲೂ ಇಲ್ಲ. ನೇಟೊಗೆ ಸಾಮೂಹಿಕ ಬಜೆಟ್ ಅಂತ ಒಂದಿದೆ, ನಿಜ. ಬ್ರಸೆಲ್ಸ್‌ನ ಕಚೇರಿ, ಜಂಟಿ ಕಮಾಂಡ್‌ಗಳು, ಕೆಲವು ಸಾಮಾನ್ಯ ಸೌಲಭ್ಯಗಳಿಗೆ ಎಲ್ಲರೂ ವಂತಿಗೆ ಹಾಕುತ್ತಾರೆ. 2025ರಲ್ಲಿ ಅದು ಸುಮಾರು 460 ಕೋಟಿ ಯೂರೊ. ಅಮೆರಿಕದ ಪಾಲು ಶೇ 16ರ ಹತ್ತಿರ, ಜರ್ಮನಿಯದ್ದೂ ಅಷ್ಟೇ. ಜಗಳ ಈ ವಂತಿಗೆಯದ್ದಲ್ಲ. ಶೇ 2, ಶೇ 5 ಎನ್ನುವುದು ಆಯಾ ದೇಶ ತನ್ನ ಸೈನ್ಯಕ್ಕೆ ತಾನೇ ಮಾಡಿಕೊಳ್ಳುವ ಖರ್ಚಿನ ಲೆಕ್ಕ. ಅದರಲ್ಲಿ ಒಂದು ಪೈಸೆಯೂ ಅಮೆರಿಕಕ್ಕೆ ಕಟ್ಟಬೇಕಾದ ಬಾಕಿಯಲ್ಲ. ಹಾಗಾದರೆ ಅಮೆರಿಕಕ್ಕೆ ಇಷ್ಟೊಂದು ಆತುರ ಯಾಕೆ?

ಭದ್ರತೆಯ ಕಾರಣ ಸುಳ್ಳಲ್ಲ. ರಷ್ಯಾ 2014ರಲ್ಲಿ ಕ್ರಿಮಿಯಾವನ್ನು ನುಂಗಿದ ಮೇಲೆ ನೇಟೊ ದೇಶಗಳು ವೇಲ್ಸ್‌ನಲ್ಲಿ ಸೇರಿ ಹತ್ತು ವರ್ಷದಲ್ಲಿ ಶೇ 2ಕ್ಕೆ ಮುಟ್ಟೋಣ ಎಂದು ಮಾತಾಡಿಕೊಂಡವು. ಆ ವರ್ಷ ಶೇ 2 ದಾಟಿದ್ದವು ಮೂರೇ ದೇಶ: ಅಮೆರಿಕ, ಬ್ರಿಟನ್, ಗ್ರೀಸ್. ಅದೇ ವರ್ಷ ನಾರ್ವೆಯಲ್ಲಿ ನಡೆದ ನೇಟೊ ತಾಲೀಮಿನಲ್ಲಿ ಜರ್ಮನ್ ಸೈನಿಕರು ತಮ್ಮ ಕವಚ ವಾಹನದ ಮೇಲೆ ಮೆಷಿನ್‌ಗನ್ ಇಲ್ಲದ್ದಕ್ಕೆ ಪೊರಕೆ ಕೋಲಿಗೆ ಕಪ್ಪು ಬಣ್ಣ ಬಳಿದು ನಿಲ್ಲಿಸಿಕೊಂಡಿದ್ದರು. ಜರ್ಮನಿಯ ಟಿವಿಯವರೇ ಇದನ್ನು ಬಯಲಿಗೆಳೆದರು. ಪ್ರಪಂಚಕ್ಕೆಲ್ಲ ಬೆನ್ಜ್ ಕಾರು ಮಾರುವ ದೇಶದ ಕಥೆ ಇದು! ದೊಡ್ಡವನು ಹೇಗೂ ಕಾಯುತ್ತಾನೆ ಅಂತ ಚಿಕ್ಕವರು ಕೈಕಟ್ಟಿ ಕೂರುವ ಈ ಚಾಳಿಯನ್ನು ಮ್ಯಾನ್ಕರ್ ಓಲ್ಸನ್, ರಿಚರ್ಡ್ ಝೆಕ್‌ಹೌಸರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1966ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಆದ್ದರಿಂದ ಅಮೆರಿಕದ ದೂರಿನಲ್ಲಿ ಅರ್ಧ ಸತ್ಯವಂತೂ ಇದೆ. ಉಳಿದರ್ಧ ಬೇಕಾದರೆ ಅರವತ್ತು ವರ್ಷ ಹಿಂದಕ್ಕೆ, ಆಗಿನ ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್‌ಗೆ ಹೋಗಬೇಕು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಡಾಲರ್‌ಗೆ ಚಿನ್ನದ ಭರವಸೆ ಇತ್ತು. ಬೇರೆ ದೇಶದ ಕೇಂದ್ರ ಬ್ಯಾಂಕ್ 35 ಡಾಲರ್ ಕೊಟ್ಟರೆ ಅಮೆರಿಕ ಒಂದು ಔನ್ಸ್ ಚಿನ್ನ ಕೊಡಬೇಕು. 1950ರ ದಶಕದಲ್ಲಿ ಡಾಲರ್ ಎಲ್ಲರಿಗೂ ಬೇಕಾಗಿತ್ತು, ಚಿನ್ನ ಕೇಳುವವರು ಕಡಿಮೆ. ದಶಕದ ಕೊನೆಗೆ ಗಾಳಿ ತಿರುಗಿತು. ಅಮೆರಿಕದಿಂದ ಹೊರಹೋಗುವ ಡಾಲರ್ ಜಾಸ್ತಿಯಾಗಿ ಚಿನ್ನದ ದಾಸ್ತಾನು ಕರಗತೊಡಗಿತು. 1960ರ ಅಕ್ಟೋಬರ್‌ನಲ್ಲಿ ಲಂಡನ್ ಪೇಟೆಯಲ್ಲಿ ಔನ್ಸ್ ಚಿನ್ನ 40 ಡಾಲರ್ ಮುಟ್ಟಿದಾಗ ವಾಷಿಂಗ್ಟನ್‌ಗೆ ನಡುಕ ಹುಟ್ಟಿತು. ಡಾಲರ್ ಎಲ್ಲಿ ಸೋರುತ್ತಿದೆ ಎಂದು ಹುಡುಕಿದಾಗ ಸಿಕ್ಕ ದೊಡ್ಡ ತೂತುಗಳಲ್ಲಿ ಒಂದು ಜರ್ಮನಿಯಲ್ಲಿದ್ದ ಅಮೆರಿಕದ ಪಡೆ. ಲಕ್ಷಗಟ್ಟಲೆ ಸೈನಿಕರು, ಅವರ ಹೆಂಡತಿ ಮಕ್ಕಳು ಸಂಬಳದ ಡಾಲರನ್ನು ಮಾರ್ಕ್‌ಗೆ ಬದಲಾಯಿಸಿ ಅಲ್ಲೇ ಮನೆ ಬಾಡಿಗೆ ಕಟ್ಟುತ್ತಿದ್ದರು, ಬಿಯರ್ ಕುಡಿಯುತ್ತಿದ್ದರು, ಫೋಕ್ಸ್‌ವ್ಯಾಗನ್ ಕೊಳ್ಳುತ್ತಿದ್ದರು. ಆ ಡಾಲರೆಲ್ಲ ಜರ್ಮನಿಯ ಕೇಂದ್ರ ಬ್ಯಾಂಕಾದ ಬುಂಡೆಸ್‌ಬ್ಯಾಂಕಿನಲ್ಲಿ ರಾಶಿ ಬೀಳುತ್ತಿತ್ತು.

ಅಧ್ಯಕ್ಷ ಐಸೆನ್‌ಹೋವರ್ 1960ರ ನವೆಂಬರ್‌ನಲ್ಲಿ ತಮ್ಮ ಖಜಾನೆ ಕಾರ್ಯದರ್ಶಿ ರಾಬರ್ಟ್ ಆ್ಯಂಡರ್ಸನ್‌ರನ್ನು ಬಾನ್‌ಗೆ ಕಳಿಸಿದರು. ಪಡೆಗಳ ಖರ್ಚಿಗೆ ವರ್ಷಕ್ಕೆ 60 ಕೋಟಿ ಡಾಲರ್ ಕೊಡಿ ಎಂಬ ಬೇಡಿಕೆ. ಚಾನ್ಸಲರ್ ಅಡೆನೌರ್ ಆಗದು ಎಂದುಬಿಟ್ಟರು. ಸೋತ ದೇಶ ಗೆದ್ದು ಬೀಡುಬಿಟ್ಟವರ ಖರ್ಚು ಹೊರುತ್ತಿದ್ದ ದಿನಗಳನ್ನು ಜರ್ಮನರು ಇನ್ನೂ ಮರೆತಿರಲಿಲ್ಲ. ನಗದು ಕೊಟ್ಟರೆ ಅದಕ್ಕೆ ಕಪ್ಪದ ವಾಸನೆ ಬರುತ್ತದೆ.

ದಾರಿ ಸಿಕ್ಕಿದ್ದು ಕೆನಡಿ ಬಂದ ಮೇಲೆ. ಅಣುಯುದ್ಧದಷ್ಟೇ ಡಾಲರ್ ಸೋರಿಕೆಯೂ ಕೆನಡಿಯವರ ನಿದ್ದೆ ಕೆಡಿಸಿತ್ತು ಎಂದು ಅವರ ಆಪ್ತರು ಬರೆದಿದ್ದಾರೆ. 1961ರ ಅಕ್ಟೋಬರ್‌ನಲ್ಲಿ ಅಮೆರಿಕದ ರಕ್ಷಣಾ ಉಪಕಾರ್ಯದರ್ಶಿ ರೋಸ್‌ವೆಲ್ ಗಿಲ್‌ಪ್ಯಾಟ್ರಿಕ್, ಜರ್ಮನಿಯ ರಕ್ಷಣಾ ಮಂತ್ರಿ ಫ್ರಾನ್ಜ್ ಯೋಸೆಫ್ ಸ್ಟ್ರಾಸ್ ಒಂದು ಒಪ್ಪಂದ ಮಾಡಿಕೊಂಡರು. ಜರ್ಮನಿ ನಗದು ಕೊಡುವುದಿಲ್ಲ. ಬದಲಿಗೆ ಅಮೆರಿಕದ ಪಡೆ ಜರ್ಮನಿಯಲ್ಲಿ ಎಷ್ಟು ಡಾಲರ್ ಖರ್ಚು ಮಾಡುತ್ತದೋ ಸರಿಸುಮಾರು ಅಷ್ಟೇ ಮೊತ್ತದ ಶಸ್ತ್ರಾಸ್ತ್ರವನ್ನು ಅಮೆರಿಕದಿಂದ ಕೊಳ್ಳುತ್ತದೆ. ವರ್ಷಕ್ಕೆ 60ರಿಂದ 70 ಕೋಟಿ ಡಾಲರ್. ಇದಕ್ಕೆ ಆಫ್‌ಸೆಟ್ ಒಪ್ಪಂದ ಎಂದು ಹೆಸರು.

ಎಂಥ ಚೊಕ್ಕ ಲೆಕ್ಕ ನೋಡಿ. ಸೈನಿಕನ ಸಂಬಳವಾಗಿ ಹೋದ ಡಾಲರ್ ಕ್ಷಿಪಣಿಯ ಬಿಲ್ಲಾಗಿ ವಾಪಸ್. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಇದು ಟೈಡ್ ಕ್ರೆಡಿಟ್‌ನ ಅಣ್ಣ. ನೆರವು ಕೊಡುವ ದೇಶ, ಆ ದುಡ್ಡಿನಲ್ಲಿ ನಮ್ಮ ಕಂಪನಿಯ ಪಂಪ್‌ಸೆಟ್ಟನ್ನೇ ಕೊಳ್ಳಬೇಕು ಎಂದು ಕಟ್ಟು ಹಾಕುತ್ತದಲ್ಲ, ಅದೇ ಜಾತಿ. ಜರ್ಮನ್ ಸೈನ್ಯಕ್ಕೆ ಏನು ಬೇಕು ಎಂಬುದಕ್ಕಿಂತ ಅಮೆರಿಕದ ವಿದೇಶಿ ವಿನಿಮಯಕ್ಕೆ ಎಷ್ಟು ಬೇಕು ಎಂಬುದರ ಮೇಲೆ ಖರೀದಿ ಪಟ್ಟಿ ನಿಂತಿತು.

ಇದು ನಾಲ್ಕೈದು ವರ್ಷ ನಡೆಯಿತು. ಆಮೇಲೆ ಜರ್ಮನ್ ಸೈನ್ಯದ ಗೋದಾಮು ತುಂಬಿತು, ಬಜೆಟ್ ಬರಿದಾಯಿತು. ಅದೇ ಹೊತ್ತಿಗೆ ಅಮೆರಿಕದ ಲಾಕ್‌ಹೀಡ್ ಕಂಪನಿಯ ವಿನ್ಯಾಸದ ಸ್ಟಾರ್‌ಫೈಟರ್ ವಿಮಾನಗಳು ಒಂದರ ಹಿಂದೊಂದು ನೆಲಕ್ಕೆ ಬೀಳುತ್ತಿದ್ದವು. ಜರ್ಮನಿ ಪಡೆದ 916 ವಿಮಾನಗಳಲ್ಲಿ ಕೊನೆಗೆ ಮೂರರಲ್ಲೊಂದು ಭಾಗ ಹಾಳಾಗಿ, ನೂರಕ್ಕೂ ಹೆಚ್ಚು ಪೈಲಟ್‌ಗಳು ಸತ್ತರು. ಜನ ಅದನ್ನು ‘ವಿಧವೆಯರನ್ನಾಗಿಸುವವ’ ಎಂಬರ್ಥದ ಹೆಸರಿಟ್ಟು ಬೈಯುತ್ತಿದ್ದರು. (ಆ ಕಂಪನಿ ವಿಮಾನ ಮಾರಲು ಹಲವು ದೇಶಗಳ ದೊಡ್ಡವರಿಗೆ ಲಂಚ ಕೊಟ್ಟದ್ದು 1976ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆಯೇ ಬಯಲಾಯಿತು. ನೆದರ್ಲೆಂಡ್ಸ್‌ನ ರಾಣಿಯ ಗಂಡ ರಾಜಕುಮಾರ ಬರ್ನ್‌ಹಾರ್ಡ್ ಸೈನಿಕ ಹುದ್ದೆಗಳನ್ನು ಬಿಡಬೇಕಾಯಿತು, ಜಪಾನಿನ ಮಾಜಿ ಪ್ರಧಾನಿ ತನಾಕಾ ಜೈಲು ಕಂಡರು. ಅದೇ ಒಂದು ಲೇಖನವಾಗುವಷ್ಟಿದೆ.)

1966ರ ಸೆಪ್ಟೆಂಬರ್‌ನಲ್ಲಿ ಚಾನ್ಸಲರ್ ಲುಡ್ವಿಗ್ ಎರ್ಹಾರ್ಡ್ ವಾಷಿಂಗ್ಟನ್‌ಗೆ ಹೋಗಿ ಆಫ್‌ಸೆಟ್ ಖರೀದಿಯಲ್ಲಿ ಸ್ವಲ್ಪ ರಿಯಾಯಿತಿ, ಸ್ವಲ್ಪ ಕಾಲಾವಕಾಶ ಕೇಳಿದರು. ಯುದ್ಧಾನಂತರದ ಜರ್ಮನಿಯ ಆರ್ಥಿಕ ಪವಾಡದ ಶಿಲ್ಪಿ ಎನಿಸಿಕೊಂಡ ಮನುಷ್ಯ ಅವರು. ಅಧ್ಯಕ್ಷ ಲಿಂಡನ್ ಜಾನ್ಸನ್ ಜಗ್ಗಲಿಲ್ಲ. ವಿಯೆಟ್ನಾಂ ಯುದ್ಧದ ಖರ್ಚು ಅವರ ಕುತ್ತಿಗೆಗೆ ಬಂದಿತ್ತು. ಎರ್ಹಾರ್ಡ್ ಬರಿಗೈಯಲ್ಲಿ ಮರಳಿದರು. ಬಜೆಟ್ ಕೊರತೆ ತುಂಬಲು ತೆರಿಗೆ ಹಾಕಬೇಕೆಂದಾಗ ಅಕ್ಟೋಬರ್‌ನಲ್ಲಿ ಮಿತ್ರಪಕ್ಷದ ಮಂತ್ರಿಗಳು ರಾಜೀನಾಮೆ ಕೊಟ್ಟರು, ಡಿಸೆಂಬರ್ ಹೊತ್ತಿಗೆ ಬೇರೆ ಚಾನ್ಸಲರ್ ಬಂದಾಗಿತ್ತು. ಮಿತ್ರರಾಷ್ಟ್ರದ ಒಂದು ಬಿಲ್ ಮಿತ್ರನ ಸರ್ಕಾರವನ್ನೇ ಕೆಡವುವುದಕ್ಕೆ ಹೀಗೆ ಕೈಜೋಡಿಸಿತು.

ಆಮೇಲೆ ನಡೆದದ್ದು ಇನ್ನೂ ಸೂಕ್ಷ್ಮದ ವ್ಯವಹಾರ. ನನ್ನಂಥವಳಿಗೆ ಬಾಯಲ್ಲಿ ನೀರೂರಿಸುವಂಥದ್ದು. 1967ರ ಮಾರ್ಚ್‌ನಲ್ಲಿ ಬುಂಡೆಸ್‌ಬ್ಯಾಂಕಿನ ಅಧ್ಯಕ್ಷ ಕಾರ್ಲ್ ಬ್ಲೆಸಿಂಗ್ ಅಮೆರಿಕದ ಫೆಡರಲ್ ರಿಸರ್ವ್‌ಗೆ ಒಂದು ಕಾಗದ ಬರೆದರು. ನಮ್ಮಲ್ಲಿರುವ ಡಾಲರ್ ಕೊಟ್ಟು ನಿಮ್ಮಿಂದ ಚಿನ್ನ ಕೇಳುವುದಿಲ್ಲ ಎಂಬ ಮುಚ್ಚಳಿಕೆ ಅದು. ಜತೆಗೆ 50 ಕೋಟಿ ಡಾಲರ್‌ನಷ್ಟು ಅಮೆರಿಕದ ಸರ್ಕಾರಿ ಬಾಂಡ್ ಕೊಳ್ಳಲೂ ಬುಂಡೆಸ್‌ಬ್ಯಾಂಕ್ ಒಪ್ಪಿತು. ಶಸ್ತ್ರಾಸ್ತ್ರ ಕೊಳ್ಳಲಾಗದಿದ್ದರೆ ನಮ್ಮ ಸಾಲಪತ್ರ ಕೊಳ್ಳಿ, ಚಿನ್ನಕ್ಕೆ ಕೈಹಾಕಬೇಡಿ; ಆಗ ಪಡೆ ಇರುತ್ತದೆ ಎಂಬುದು ಅಮೆರಿಕದ ಲೆಕ್ಕ. ಎರಡು ವರ್ಷ ಮೊದಲಷ್ಟೇ ಫ್ರಾನ್ಸ್‌ನ ಡಿಗಾಲ್ ಬಹಿರಂಗವಾಗಿ ಡಾಲರ್ ಬೇಡ, ಚಿನ್ನವೇ ಬೇಕು ಎಂದು ಹಟ ಹಿಡಿದಿದ್ದರು. 1966ರಲ್ಲಿ ನೇಟೊದ ಸೈನಿಕ ಕಮಾಂಡಿನಿಂದಲೂ ಹೊರಬಂದರು. ಡಿಗಾಲ್‌ಗೆ ಅದು ಸಾಧ್ಯವಿತ್ತು, ಅವರ ಬಳಿ ಸ್ವಂತ ಅಣುಬಾಂಬ್ ಇತ್ತು. ಬರ್ಲಿನ್ ಗೋಡೆಯ ಪಕ್ಕ ಕುಳಿತ ಜರ್ಮನರಿಗೆ ಆ ಐಷಾರಾಮ ಇರಲಿಲ್ಲ.

1971ರ ಮೇ ತಿಂಗಳಲ್ಲಿ ಡಾಲರ್ ಪ್ರವಾಹ ತಡೆಯಲಾಗದೆ ಜರ್ಮನಿ ಮಾರ್ಕ್‌ನ ದರವನ್ನು ಪೇಟೆಗೆ ಬಿಟ್ಟಿತು. ಮರುದಿನವೇ ಅಮೆರಿಕದ ಸೆನೆಟ್‌ನಲ್ಲಿ ಮೈಕ್ ಮ್ಯಾನ್ಸ್‌ಫೀಲ್ಡ್ ಎದ್ದುನಿಂತು ಯುರೋಪಿನಲ್ಲಿರುವ ಮೂರು ಲಕ್ಷ ಸೈನಿಕರಲ್ಲಿ ಅರ್ಧದಷ್ಟನ್ನು ವಾಪಸ್ ಕರೆಸಬೇಕು ಎಂದು ತಿದ್ದುಪಡಿ ಮಂಡಿಸಿದರು. 61-36 ಮತಗಳಿಂದ ಅದು ಬಿತ್ತು. ಆಗಸ್ಟ್ 15ರಂದು ನಿಕ್ಸನ್ ಡಾಲರ್ ಕೊಟ್ಟರೆ ಚಿನ್ನ ಕೊಡುವ ವ್ಯವಸ್ಥೆಗೇ ಬೀಗ ಹಾಕಿದರು. ಬ್ಲೆಸಿಂಗ್‌ರ ಮುಚ್ಚಳಿಕೆಗೆ ಅಲ್ಲಿಗೆ ಬೆಲೆಯಿಲ್ಲದಾಯಿತು. 1976ರಲ್ಲಿ ಆಫ್‌ಸೆಟ್ ಒಪ್ಪಂದಗಳೂ ಮುಗಿದವು. ಟ್ರಂಪ್ ಹೊಸದೇನನ್ನೂ ಕಂಡುಹಿಡಿದಿಲ್ಲ ಎಂದು ನಾನು ಹೇಳುವುದು ಈ ಇತಿಹಾಸ ಓದಿಯೇ. ಹಿಂದಿನವರು ಮುಚ್ಚಿದ ಬಾಗಿಲ ಹಿಂದೆ ಕೇಳಿದ್ದನ್ನು ಅವರು ಮೈಕ್ ಮುಂದೆ ಕೇಳುತ್ತಾರೆ, ಅಷ್ಟೆ.

ಸೈನ್ಯದ ಖರ್ಚು ಊರಿನ ಹೊಟ್ಟೆಪಾಡು ಹೇಗಾಗುತ್ತದೆ ಎಂಬುದನ್ನು ನಾನು ಕಂಡದ್ದು ಜರ್ಮನಿಯ ಕೈಸರ್ಸ್‌ಲೌಟರ್ನ್ ಊರಲ್ಲಿ. ತಂಗಿಯ ಮಗ ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಊರಿಗೆ ಅಂಟಿಕೊಂಡೇ ರಾಮ್‌ಸ್ಟೈನ್ ವಾಯುನೆಲೆ ಇದೆ. ಯುರೋಪಿನಲ್ಲಿರುವ ಅಮೆರಿಕದ ವಾಯುಪಡೆಯ ಮುಖ್ಯ ಕಚೇರಿ ಅದು. ಸುತ್ತಮುತ್ತ ಸೈನಿಕರು, ಸಿಬ್ಬಂದಿ, ಸಂಸಾರಗಳು ಸೇರಿ ಸುಮಾರು 50 ಸಾವಿರ ಅಮೆರಿಕನ್ನರು. ಪೇಟೆಯಲ್ಲಿ ಒಂದು ಪೀಠೋಪಕರಣದ ಅಂಗಡಿಯ ಗಾಜಿನ ಮೇಲೆ ‘ವ್ಯಾಟ್ ಫಾರಂ ಸ್ವೀಕರಿಸಲಾಗುವುದು’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಬ್ಯಾಂಕಿನವಳಿಗೆ ಫಾರಂ ಅಂದರೆ ಕಿವಿ ನೆಟ್ಟಗಾಗುತ್ತದೆ, ಏನದು ಅಂದೆ.

“ಅಮೆರಿಕದ ಸೈನಿಕರು ನೆಲೆಯಲ್ಲಿ ಒಂದು ಫಾರಂ ತಗೊಂಡು ಬಂದು ಅಂಗಡೀಲಿ ಕೊಟ್ರೆ ಶೇಕಡ 19 ತೆರಿಗೆ ಕಟ್ಟೋ ಹಾಗಿಲ್ಲ ದೊಡ್ಡಮ್ಮ,” ಅಂದ. “ಹೋಟೆಲ್ ಬಿಲ್ಲಿಗೂ ನಡೆಯುತ್ತೆ, ಕಾರ್ ರಿಪೇರಿಗೂ ನಡೆಯುತ್ತೆ.”

“ನಿಂಗೆ?”

“ನಾನು ಪೂರ್ತಿ ತೆರಿಗೆ ಕಟ್ಟೋನು. ಸಾಲದ್ದಕ್ಕೆ ಮನೆ ಓನರ್‌ಗೆ ಅಮೆರಿಕದೋರೇ ಇಷ್ಟ. ಅವರಿಗೆ ಬಾಡಿಗೆ ಭತ್ಯೆ ಜಾಸ್ತಿ, ತಿಂಗಳಿಗೆ ಸರಿಯಾಗಿ ಬರುತ್ತೆ.”

ಒಂದು ಫಾರಂನಲ್ಲಿ ಎರಡೂ ಕಡೆಯ ಲಾಭ ನಷ್ಟ ಕಾಣುತ್ತದೆ. ಅಮೆರಿಕನ್ನರಿಗೆ ಜರ್ಮನಿ ಬಿಟ್ಟುಕೊಟ್ಟ ತೆರಿಗೆ, ಊರಿನವರಿಗೆ ಬಂದ ಬಾಡಿಗೆ. ಈ ಪಡೆ ಹೋಗಿಬಿಡುತ್ತದಂತೆ ಎಂಬ ಸುದ್ದಿ ಬಂದಾಗಲೆಲ್ಲ ಅಲ್ಲಿನ ಅಂಗಡಿಯವರ ಎದೆ ಧಸಕ್ಕೆನ್ನುತ್ತದೆ. ನಾವು ಕೊಡುತ್ತಿದ್ದೇವೆ ಎಂದು ಎರಡೂ ಕಡೆಯವರಿಗೆ ಅನಿಸುತ್ತದೆ, ಎರಡೂ ಕಡೆಯವರದ್ದೂ ಸುಳ್ಳಲ್ಲ. ಆದರೆ ರಾಮ್‌ಸ್ಟೈನ್ ನೆಲೆ ಜರ್ಮನಿಯನ್ನು ಕಾಯಲಿಕ್ಕೆ ಮಾತ್ರ ಇಲ್ಲ. ಪಶ್ಚಿಮ ಏಷ್ಯಾಕ್ಕೆ ಹೋಗುವ ಅಮೆರಿಕದ ಸೈನಿಕ ಸಾಗಾಟಕ್ಕೂ ಅದೇ ಜಂಕ್ಷನ್ನು. ಆ ಜಂಕ್ಷನ್ನಿನ ಬೆಲೆಯನ್ನು ಟ್ರಂಪ್‌ರ ಲೆಕ್ಕ ಕಳೆಯುವುದಿಲ್ಲ.

ಇಂಥ ಲೆಕ್ಕದ ರುಚಿ ಕನ್ನಡ ನಾಡಿಗೂ ಗೊತ್ತು. ಟಿಪ್ಪು ಮಡಿದ ಮೇಲೆ 1799ರ ಜುಲೈನಲ್ಲಿ ಈಸ್ಟ್ ಇಂಡಿಯಾ ಕಂಪನಿ ಮೈಸೂರಿನ ಒಡೆಯರ ಜತೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡಿತು. ಮೈಸೂರಿನ ರಕ್ಷಣೆಗೆ ಕಂಪನಿಯ ಪಡೆ, ಅದರ ಖರ್ಚಿಗೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಕೊಡಬೇಕು. ಹಣ ಬರುವುದು ಅನುಮಾನ ಎನಿಸಿದರೆ ಆಡಳಿತವನ್ನೇ ವಹಿಸಿಕೊಳ್ಳಬಹುದು ಎಂಬ ಷರತ್ತೂ ಅದರಲ್ಲಿತ್ತು. 1831ರಲ್ಲಿ ನಗರ ಸೀಮೆಯ ರೈತರ ದಂಗೆಯ ನೆಪದಲ್ಲಿ ಆ ಷರತ್ತನ್ನೇ ಹಿಡಿದು ಬ್ರಿಟಿಷರು ಐವತ್ತು ವರ್ಷ ಮೈಸೂರನ್ನು ತಾವೇ ಆಳಿದರು. 1881ರಲ್ಲಿ ರಾಜ್ಯ ಮರಳಿಸುವಾಗ ಕಪ್ಪವನ್ನು 35 ಲಕ್ಷಕ್ಕೆ ಏರಿಸಿದರು, ಬರಗಾಲದಿಂದ ಮೈಸೂರು ಬಸವಳಿದಿದ್ದರಿಂದ ಏರಿಸಿದ ಭಾಗದ ವಸೂಲಿಯನ್ನು ಮುಂದೂಡಿದರು. ಮತ್ತೆ ಹತ್ತೂವರೆ ಲಕ್ಷ ಇಳಿಸಿದ್ದು 1920ರ ದಶಕದ ಕೊನೆಯಲ್ಲಿ, ವೈಸರಾಯ್ ಇರ್ವಿನ್ ಕಾಲದಲ್ಲಿ. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದೇ ಆ ಕಂಪನಿ ಪಡೆಗಾಗಿ. ಬರ್ಲಿನ್ ಮೈಸೂರಲ್ಲ, ಟ್ರಂಪ್ ಆ ಒಪ್ಪಂದದ ಕಾಲದ ಗವರ್ನರ್ ಜನರಲ್ ವೆಲ್ಲೆಸ್ಲಿಯೂ ಅಲ್ಲ. ನೇಟೊದ ದೇಶಗಳು ಸ್ವತಂತ್ರ, ಬೇಡವೆಂದರೆ ಹೊರಬರಬಹುದು. ಆದರೂ ಬೇರೆಯವರ ರಕ್ಷಣೆಗೆ ಎಂದು ಇಟ್ಟ ಸೈನ್ಯ, ಇಟ್ಟವರಿಗೇ ಆದಾಯವಾಗಬಲ್ಲದು ಎಂಬುದಕ್ಕೆ ನಮ್ಮ ಜಿಲ್ಲೆಗಳ ಕಂದಾಯದ ಕಡತಗಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈಗಿನ ದುಡ್ಡು ಎತ್ತ ಹೋಗುತ್ತಿದೆ? ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಪ್ರಕಾರ 2020ರಿಂದ 2024ರವರೆಗೆ ನೇಟೊದ ಯುರೋಪಿಯನ್ ದೇಶಗಳು ಆಮದು ಮಾಡಿಕೊಂಡ ಶಸ್ತ್ರಾಸ್ತ್ರದಲ್ಲಿ ಶೇ 64 ಅಮೆರಿಕದ್ದು. ಅದಕ್ಕೆ ಹಿಂದಿನ ಐದು ವರ್ಷದಲ್ಲಿ ಈ ಪಾಲು ಶೇ 52 ಇತ್ತು. ಒಟ್ಟು ಆಮದೇ ಎರಡು ಪಟ್ಟು ದಾಟಿದೆ. ಅಂದರೆ ರೊಟ್ಟಿಯೂ ದೊಡ್ಡದಾಯಿತು, ಅದರಲ್ಲಿ ಅಮೆರಿಕದ ತುಂಡೂ ದೊಡ್ಡದಾಯಿತು.

ಇದರ ಹೃದಯಭಾಗದಲ್ಲಿರುವುದು ಎಫ್-35 ಯುದ್ಧವಿಮಾನ. ಬೆಲ್ಜಿಯಂ 34, ಪೋಲೆಂಡ್ 32, ಫಿನ್ಲೆಂಡ್ 64, ಜರ್ಮನಿ 35 ವಿಮಾನಗಳಿಗೆ ಆರ್ಡರ್ ಕೊಟ್ಟಿವೆ. ವಿಮಾನ ಕೊಳ್ಳುವುದು ಒಂದು ದಿನದ ವ್ಯಾಪಾರವಲ್ಲ. ಬಿಡಿಭಾಗ, ಸಾಫ್ಟ್‌ವೇರ್, ಎಂಜಿನ್ ರಿಪೇರಿ ಎಂದು ಮೂವತ್ತು ನಲವತ್ತು ವರ್ಷ ತಯಾರಕನ ಮನೆಬಾಗಿಲಿಗೆ ನಡೆಯಬೇಕು. ಅಮೆರಿಕ ತನ್ನ ವಿಮಾನಗಳಿಗೇ ಹಾಕಿಕೊಂಡ ಲೆಕ್ಕದಲ್ಲಿ ಕೊಳ್ಳುವ ವೆಚ್ಚಕ್ಕಿಂತ ಸಾಕುವ ವೆಚ್ಚ ಎಷ್ಟೋ ಹೆಚ್ಚು. ಜರ್ಮನಿಗೆ ಇನ್ನೊಂದು ಕಟ್ಟು ಬೇರೆ. ಕೈಸರ್ಸ್‌ಲೌಟರ್ನ್ ಇರುವ ರಾಜ್ಯದಲ್ಲೇ ಬ್ಯೂಖೆಲ್ ಎಂಬ ವಾಯುನೆಲೆಯಿದೆ. ಅಲ್ಲಿ ಅಮೆರಿಕದ ಅಣುಬಾಂಬ್ ಇದೆ ಎಂಬುದು ಎಲ್ಲರಿಗೂ ಗೊತ್ತು, ಸರ್ಕಾರಗಳು ಮಾತ್ರ ಬಾಯಿ ಬಿಡುವುದಿಲ್ಲ. ಯುದ್ಧ ಬಂದರೆ ಆ ಬಾಂಬ್ ಹೊರುವುದು ಜರ್ಮನ್ ವಿಮಾನ. ಹಳೆಯ ಟೊರ್ನಾಡೊಗಳ ಆಯುಷ್ಯ ಮುಗಿಯುತ್ತಾ ಬಂದಾಗ, ಆ ಬಾಂಬ್ ಹೊರಲು ಅಮೆರಿಕದ ಒಪ್ಪಿಗೆಯಿದ್ದ ವಿಮಾನವನ್ನೇ ಕೊಳ್ಳಬೇಕಾಯಿತು. ಖರ್ಚು ಸುಮಾರು ಸಾವಿರ ಕೋಟಿ ಯೂರೊ.

ಬೇರೆ ಅಂಗಡಿಗೆ ಹೋದವರ ಗತಿ ಏನೆಂದು ಟರ್ಕಿಯನ್ನು ಕೇಳಬೇಕು. ಅದು ನೇಟೊ ಸದಸ್ಯ, ಎಫ್-35 ಯೋಜನೆಯ ಪಾಲುದಾರ. ವಿಮಾನದ ನೂರಾರು ಬಿಡಿಭಾಗ ಅಲ್ಲಿನ ಕಂಪನಿಗಳಲ್ಲೇ ತಯಾರಾಗುತ್ತಿದ್ದವು. ರಷ್ಯಾದ ಎಸ್-400 ಕ್ಷಿಪಣಿ ತರಿಸಿಕೊಂಡದ್ದಕ್ಕೆ 2019ರ ಜುಲೈನಲ್ಲಿ ಅದನ್ನು ಯೋಜನೆಯಿಂದಲೇ ಹೊರಹಾಕಿದರು. ವಿಮಾನದ ಗುಟ್ಟು ರಷ್ಯಾದ ರೇಡಾರ್‌ಗೆ ತಿಳಿದುಬಿಡುತ್ತದೆ ಎಂಬುದು ಅಮೆರಿಕ ಕೊಟ್ಟ ಕಾರಣ, ಅದರಲ್ಲಿ ಹುರುಳೂ ಇದೆ. ಅದೇ ಎಸ್-400 ಅನ್ನು ನಮ್ಮ ದೇಶವೂ 2018ರಲ್ಲಿ 500 ಕೋಟಿ ಡಾಲರ್‌ಗೂ ಮೀರಿದ ಒಪ್ಪಂದದಲ್ಲಿ ಕೊಂಡಿತು. ನಮಗೆ ದಿಗ್ಬಂಧನದ ಗದರಿಕೆಯಷ್ಟಕ್ಕೇ ಮುಗಿಯಿತು.

ಎಫ್‌ಎಂಎಸ್ (ಫಾರಿನ್ ಮಿಲಿಟರಿ ಸೇಲ್ಸ್) ಎಂಬ ಪದ್ಧತಿಯ ಬಗ್ಗೆ ಒಂದೆರಡು ಮಾತು ಹೇಳಲೇಬೇಕು, ನನ್ನ ಕಸುಬಿಗೆ ಹತ್ತಿರದ್ದು. ಅಮೆರಿಕದ ದೊಡ್ಡ ಶಸ್ತ್ರಾಸ್ತ್ರವನ್ನು ವಿದೇಶಿ ಸರ್ಕಾರ ಹೆಚ್ಚಾಗಿ ಕಂಪನಿಯಿಂದ ನೇರವಾಗಿ ಕೊಳ್ಳುವುದಿಲ್ಲ. ಅಮೆರಿಕದ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು ಅಲ್ಲಿನ ಖಜಾನೆಯ ಟ್ರಸ್ಟ್ ಖಾತೆಗೆ ಕಂತಿನಲ್ಲಿ ಮುಂಗಡ ಕಟ್ಟಬೇಕು. ಕಂಪನಿಗೆ ಕೊಡುವವರು ಅವರು, ಚೌಕಾಸಿ ಮಾಡುವವರೂ ಅವರು, ಮೇಲೆ ಶೇ 3.2 ಆಡಳಿತ ಶುಲ್ಕ. ನಮ್ಮ ವಾಯುಪಡೆಯ ಸಿ-17 ವಿಮಾನಗಳು ಬಂದದ್ದೂ ಈ ದಾರಿಯಲ್ಲೇ. 2024ರ ಹಣಕಾಸು ವರ್ಷದಲ್ಲಿ ಈ ಪದ್ಧತಿಯ ವಹಿವಾಟು 11,790 ಕೋಟಿ ಡಾಲರ್, ಹಿಂದಿನ ವರ್ಷಕ್ಕಿಂತ ಶೇ 45ರಷ್ಟು ಜಾಸ್ತಿ. ಎಲ್‌ಸಿ ಇಲ್ಲ, ಕೆಟ್ಟ ಸಾಲದ ಭಯವಿಲ್ಲ, ಮುಂಗಡ ಕೈಯಲ್ಲಿ. ಯಾವ ಬ್ಯಾಂಕ್ ಮ್ಯಾನೇಜರ್ ಬೇಡ ಅಂತಾನೆ?

ಹೇಗ್ ಸಭೆಯ ಬೆನ್ನಿಗೇ ಮುಸುಕು ಪೂರ್ತಿ ಸರಿಯಿತು. ಶೇ 5 ಆಗದು, ನಮಗೆ ಶೇ 2.1 ಸಾಕು ಎಂದ ಸ್ಪೇನ್ ಪ್ರಧಾನಿ ಪೆಡ್ರೊ ಸಾಂಚೆಜ್‌ಗೆ ಟ್ರಂಪ್ ಕೊಟ್ಟ ಉತ್ತರ ಸೈನಿಕ ಭಾಷೆಯದ್ದಲ್ಲ. ವ್ಯಾಪಾರ ಮಾತುಕತೆಯಲ್ಲಿ ನಿಮ್ಮಿಂದ ಇದರ ಎರಡರಷ್ಟು ವಸೂಲಿ ಮಾಡುತ್ತೇವೆ ಎಂಬುದು. ಸ್ಪೇನ್ ಮುಂದೆ ಎಫ್-35 ಕೊಳ್ಳುವ ವಿಚಾರವನ್ನೇ ಕೈಬಿಟ್ಟಿತು. ಜುಲೈ ಕೊನೆಗೆ ಸ್ಕಾಟ್ಲೆಂಡಿನಲ್ಲಿರುವ ಟ್ರಂಪ್‌ರ ಗಾಲ್ಫ್ ಮೈದಾನದಲ್ಲಿ ಐರೋಪ್ಯ ಒಕ್ಕೂಟ ಶೇ 15ರ ಸುಂಕಕ್ಕೆ ಒಪ್ಪಿತು. ಆಗಸ್ಟ್‌ನಲ್ಲಿ ಹೊರಬಿದ್ದ ಜಂಟಿ ಹೇಳಿಕೆಯಲ್ಲಿ 75 ಸಾವಿರ ಕೋಟಿ ಡಾಲರ್‌ನ ಇಂಧನ ಖರೀದಿಯ ಜತೆಗೇ, ಅಮೆರಿಕದ ಸೈನಿಕ ಸಾಮಗ್ರಿಯ ಖರೀದಿಯನ್ನು ಗಣನೀಯವಾಗಿ ಹೆಚ್ಚಿಸುತ್ತೇವೆ ಎಂಬ ಸಾಲೂ ಇತ್ತು. ಸುಂಕದ ಒಪ್ಪಂದದಲ್ಲಿ ಕ್ಷಿಪಣಿಗೇನು ಕೆಲಸ ಎಂದು ಯಾರೂ ಕೇಳಲಿಲ್ಲ. ಉಕ್ರೇನ್‌ಗೆ ಅಮೆರಿಕ ಹಿಂದೆ ಪುಕ್ಕಟೆ ಕೊಡುತ್ತಿದ್ದ ಶಸ್ತ್ರಗಳನ್ನು ಆ ಬೇಸಿಗೆಯಿಂದ ಯುರೋಪಿನ ದೇಶಗಳು ದುಡ್ಡು ಕೊಟ್ಟು ಕೊಂಡು ಕಳಿಸತೊಡಗಿದವು. 50 ಕೋಟಿ ಯೂರೊದ ಮೊದಲ ಕಂತು ಕಟ್ಟಿದ್ದು ನೆದರ್ಲೆಂಡ್ಸ್.

ಯುರೋಪೇನೂ ಪಾಪದ ಕೂಸಲ್ಲ. ಜರ್ಮನಿಯ ಕಾರು ಉದ್ಯಮ ಸೊರಗಿದೆ, ಕಾರ್ಖಾನೆ ಮುಚ್ಚುವ ಮಾತು ದಿನವೂ ಕೇಳುತ್ತದೆ. ಪೋಲೆಂಡ್ ಗಡಿಯ ಗೋರ್ಲಿಟ್ಸ್ ಊರಿನಲ್ಲಿ 175 ವರ್ಷದಿಂದ ರೈಲು ಬೋಗಿ ಕಟ್ಟುತ್ತಿದ್ದ ಕಾರ್ಖಾನೆಯನ್ನು ಟ್ಯಾಂಕ್ ತಯಾರಿಸುವ ಕೆಎನ್‌ಡಿಎಸ್ ಕಂಪನಿ ವಹಿಸಿಕೊಳ್ಳುವುದೆಂದು 2025ರ ಫೆಬ್ರುವರಿಯಲ್ಲಿ ನಿಶ್ಚಯವಾಯಿತು. ಬೋಗಿಯ ಬೆಸುಗೆ ಹಾಕುತ್ತಿದ್ದ ಕೈಗಳಿಗೆ ಇನ್ನು ಲೆಪರ್ಡ್ ಟ್ಯಾಂಕಿನ ಭಾಗಗಳ ಕೆಲಸ. ಕೆಲಸ ಉಳಿಯಿತಲ್ಲ ಎಂದು ಕಾರ್ಮಿಕರಿಗೆ ನೆಮ್ಮದಿ, ಇಂಥ ಕೆಲಸವೇ ಎಂಬ ಮುಜುಗರವೂ ಕೆಲವರಿಗೆ ಇಲ್ಲದಿಲ್ಲ. ಸಾಲಕ್ಕೆ ಸಂವಿಧಾನದಲ್ಲೇ ಕಡಿವಾಣ ಹಾಕಿಕೊಂಡಿದ್ದ ಜರ್ಮನಿ 2025ರ ಮಾರ್ಚ್‌ನಲ್ಲಿ ಜಿಡಿಪಿಯ ಶೇ 1ಕ್ಕಿಂತ ಮೇಲಿನ ರಕ್ಷಣಾ ವೆಚ್ಚಕ್ಕೆ ಅದನ್ನು ಸಡಿಲಿಸಿತು. ಮದ್ದುಗುಂಡು ತಯಾರಿಸುವ ರೈನ್‌ಮೆಟಾಲ್ ಕಂಪನಿಯ ಷೇರು ಉಕ್ರೇನ್ ಯುದ್ಧಕ್ಕೆ ಮುಂಚಿನ ಬೆಲೆಗಿಂತ ಹತ್ತು ಪಟ್ಟಿಗೂ ಹೆಚ್ಚಾಯಿತು. ಐರೋಪ್ಯ ಒಕ್ಕೂಟ 15 ಸಾವಿರ ಕೋಟಿ ಯೂರೊ ಸಾಲದ ಯೋಜನೆ ತಂದು, ಕೊಳ್ಳುವ ಸಾಮಗ್ರಿಯ ಬೆಲೆಯಲ್ಲಿ ಕನಿಷ್ಠ ಶೇ 65 ಯುರೋಪ್ ಅಥವಾ ಉಕ್ರೇನ್‌ನದ್ದಾಗಿರಬೇಕು ಎಂದು ಕಟ್ಟು ಹಾಕಿತು. ಅಮೆರಿಕದಿಂದ ಕಲಿತ ವಿದ್ಯೆಯೇ ಇದು! ಶೇ 1.5ರ ಪೂರಕ ಬಾಬ್ತಿನ ತಮಾಷೆ ಬೇರೆ. ಸಿಸಿಲಿ ದ್ವೀಪಕ್ಕೆ 1,350 ಕೋಟಿ ಯೂರೊ ಖರ್ಚಿನಲ್ಲಿ ಕಟ್ಟಬೇಕೆಂದಿರುವ ಮೆಸ್ಸೀನಾ ಸೇತುವೆಯನ್ನೂ ಈ ಲೆಕ್ಕಕ್ಕೆ ಸೇರಿಸುವ ಮಾತನ್ನು ಇಟಲಿಯ ಕೆಲವು ಮಂತ್ರಿಗಳು ಆಡಿದರು. ರಷ್ಯಾದ ಸೈನ್ಯ ಸಿಸಿಲಿಗೆ ಯಾವ ದಾರಿಯಲ್ಲಿ ಬರುತ್ತದೋ ಅವರೇ ಬಲ್ಲರು.

ಏಷ್ಯಾದಲ್ಲೂ ಇದೇ ರಾಗ. ದಕ್ಷಿಣ ಕೊರಿಯಾದಲ್ಲಿ ಅಮೆರಿಕದ ಹಂಫ್ರೀಸ್ ನೆಲೆ ಕಟ್ಟಲು ತಗುಲಿದ ಸುಮಾರು 1,080 ಕೋಟಿ ಡಾಲರ್‌ನಲ್ಲಿ ಶೇ 90ರಷ್ಟನ್ನು ಕೊರಿಯಾ ಕೊಟ್ಟಿತ್ತು. ಆದರೂ 2019ರಲ್ಲಿ ಅಮೆರಿಕದವರು ಪಡೆಯ ಖರ್ಚಿಗೆಂದು ವರ್ಷಕ್ಕೆ 500 ಕೋಟಿ ಡಾಲರ್ ಕೇಳಿದರು. ಕೊರಿಯನ್ನರು ಬುದ್ಧಿವಂತರು. ಈ ನಡುವೆ ತಾವೇ ಟ್ಯಾಂಕ್ ತಯಾರಿಸಿ ಪೋಲೆಂಡ್‌ಗೆ ಮಾರಿದರು, ಅದೂ ಬೇಗ ಕೊಟ್ಟು.

ನಾವು ದೂರದಿಂದ ನೋಡಿ ನಗುವ ಹಾಗಿಲ್ಲ. 2025ರ ಫೆಬ್ರುವರಿಯಲ್ಲಿ ಮೋದಿಯವರು ವಾಷಿಂಗ್ಟನ್‌ಗೆ ಹೋದಾಗ ಟ್ರಂಪ್ ಎಫ್-35 ಮಾರುವ ಮಾತು ತೆಗೆದರು; ವ್ಯಾಪಾರ ಕೊರತೆ ತುಂಬುವ ಚರ್ಚೆಯಲ್ಲೇ ಅದೂ ಬಂತು. ಬೆಂಗಳೂರಿನ ಎಚ್‌ಎಎಲ್ ತೇಜಸ್ ಯುದ್ಧವಿಮಾನಕ್ಕೆಂದು ಅಮೆರಿಕದ ಜಿಇ ಕಂಪನಿಯಿಂದ 99 ಎಂಜಿನ್‌ಗೆ 71.6 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡದ್ದು 2021ರಲ್ಲಿ. ಮೊದಲ ಎಂಜಿನ್ ಬಂದದ್ದು 2025ರ ಮಾರ್ಚ್‌ನಲ್ಲಿ.

ನನ್ನ ತೀರ್ಪು ಇಷ್ಟು. ಯುರೋಪ್ ತನ್ನ ರಕ್ಷಣೆಗೆ ಇನ್ನಷ್ಟು ಖರ್ಚು ಮಾಡಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶೇ 5 ಎಂಬ ಅಂಕಿ ಯುದ್ಧಭೂಮಿಯ ಲೆಕ್ಕದಿಂದ ಬಂದದ್ದಲ್ಲ, ಅಮೆರಿಕದ ಸ್ವಂತ ಖರ್ಚೇ 2024ರಲ್ಲಿ ಶೇ 3.4. ಹೇಗ್ ನಿರ್ಧಾರದ ಪ್ರಗತಿ ಪರಿಶೀಲನೆ 2029ರಲ್ಲಿ ನಡೆಯಲಿದೆ. ನೇಟೊ ವರ್ಷವರ್ಷ ಪ್ರಕಟಿಸುವ ವೆಚ್ಚದ ಪಟ್ಟಿಯಲ್ಲಿ ಸಲಕರಣೆ, ಸಿಬ್ಬಂದಿ, ಮೂಲಸೌಕರ್ಯ, ಇತರೆ ಎಂದು ನಾಲ್ಕು ಬಾಬ್ತುಗಳಿರುತ್ತವೆ. ಯಾವ ದೇಶದ ಕಂಪನಿಗೆ ಎಷ್ಟು ಹೋಯಿತು ಎಂಬ ಕಾಲಂ ಇರುವುದಿಲ್ಲ. ಶಸ್ತ್ರಾಸ್ತ್ರ ಯಾರಿಂದ ಯಾರಿಗೆ ಹೋಯಿತು ಎಂದು ತಿಳಿಯುವ ಕುತೂಹಲ ಇರುವವರು ಸಿಪ್ರಿ ಪ್ರತಿ ಮಾರ್ಚ್‌ನಲ್ಲಿ ಹೊರತರುವ ವರದಿ ನೋಡಬಹುದು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ.